ಸೀರೆಯ ಹಿಂದಿನ ಹಾಡು

"ಇನ್ನು ಬಾಯಿ ಬಿಟ್ಟವರಿಗೆ ಚಾ ಇಲ್ಲ," ಎಂದು ಗದರಿಸಿ ಕೊರಗಣ್ಣ ಎದ್ದುಹೋಗಿ ಫ್ಯಾನ್ ಆರಿಸಿದ. ಫ್ಯಾನಿನ ಸದ್ದು ಹಾಡಿನ ಮೈಮೇಲೆ ಧೂಳು ಕೂರಿಸುತ್ತದೆ ಎಂಬುದು ಅವನ ನಂಬಿಕೆ. ಜನವರಿಯ ತಂಪು ಮಧ್ಯಾಹ್ನ. ಆದರೂ ಅವನ ಅಂಗೈ ಬೆವರಿತ್ತು.

ಬೆವರದೆ ಇನ್ನೇನು? ಇವತ್ತು ಸೋತರೆ ಪೆಟ್ಟಿಗೆ ಮನೆ ಬಿಡುತ್ತಿತ್ತು. ತೇಗದ ಮರದ ರೆಕಾರ್ಡ್ ಪ್ಲೇಯರ್ ಅದು. ಹೊಟ್ಟೆಯೊಳಗೆ ಗಾಜಿನ ವಾಲ್ವುಗಳು, ಬಿಸಿಯೇರದೆ ದನಿ ಹೊರಡದು. ಬೈಕುಲ್ಲಾದ ಅವನ ಹೋಟೆಲಿನಲ್ಲಿ ಗಲ್ಲಾದ ಪಕ್ಕ ಕೂತು ಮೊದಲು ಮಿಲ್ಲಿನವರಿಗೂ ಆಮೇಲೆ ಆಫೀಸಿನವರಿಗೂ ಹಾಡು ಬಡಿಸಿತ್ತು. ಹೋಟೆಲು ಮುಚ್ಚಿ ವಡಾಲದ ಈ ಮನೆಗೆ ಬಂದದ್ದೇ ಮುಂದಿನ ಕೋಣೆಯ ಅರ್ಧವನ್ನು ನುಂಗಿ ಕೂತಿತು. ಅವನ ಹೆಂಡತಿ ವಾರಿಜಕ್ಕನಿಗೆ ಅದು ದಿನಾ ಬೈಯಲು ಸಿಕ್ಕ ವಸ್ತು. ಚಳಿಗಾಲದಲ್ಲಿ ಮಾತ್ರ ಬೈಗುಳಕ್ಕೆ ರಜೆ. ವಾಲ್ವಿನ ಕಾವಿಗೆ ದೋಸೆಹಿಟ್ಟು ಚೆನ್ನಾಗಿ ಉಬ್ಬುತ್ತದೆ ಎಂದು ಪಾತ್ರೆಯನ್ನು ಅದರ ತಲೆಯ ಮೇಲೆಯೇ ಇಡುತ್ತಿದ್ದಳು.

ಜಗಳ ಹಚ್ಚಿದವನು ತಂಗಿಯ ಮಗ ಸಂದೀಪ. ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದರೂ ಬಿಡದೆ ಪ್ರತಿ ಭಾನುವಾರ ಮಲಾಡಿನಿಂದ ಲೋಕಲ್ ಹತ್ತಿ ವಾದಕ್ಕೆಂದೇ ಬರುತ್ತಿದ್ದ. ಹೋದ ವಾರ ಅಂಗೈಯಗಲದ ಸ್ಪೀಕರೊಂದನ್ನು ತಂದು ಟೀಪಾಯಿಯ ಮೇಲೆ ಕುಕ್ಕಿದ.

"ಮಾವ, ನಿಮ್ಮ ಪೆಟ್ಟಿಗೆಯ ಸೌಂಡ್ ಅಂದ್ರೆ ಬರೀ ಡಿಸ್ಟಾರ್ಶನ್. ಕೇಳಿ ಕೇಳಿ ನಿಮಗೆ ಆದತ್ ಆಗಿದೆ, ಬಸ್."

"ಆ ನಿನ್ನ ಡಬ್ಬಿಯಲ್ಲಿ ಉಸಿರು ಉಂಟಾ ಮಾರಾಯ? ಕಣ್ಣು ಕಟ್ಟಿದರೂ ನಾನು ಗುರುತು ಹಿಡಿಯುತ್ತೇನೆ. ತಪ್ಪಿದರೆ ಪೆಟ್ಟಿಗೆಯನ್ನು ಆ ಹಳೇ ಸಾಮಾನಿನ ಬಸವಂತರಾಯನಿಗೆ ಕೊಟ್ಟುಬಿಡುವ!"

ಮಾತು ಬಾಯಿಂದ ಜಾರಿತ್ತು. ಅಂದಿನಿಂದ ಕೊರಗಣ್ಣನಿಗೆ ಸರಿಯಾಗಿ ನಿದ್ದೆಯಿಲ್ಲ.

ಏರ್ಪಾಟು ಸರಳವಾಗಿತ್ತು. ಪೆಟ್ಟಿಗೆಯನ್ನು ಅಡುಗೆಮನೆಯೊಳಗೆ ಸರಿಸಿ, ಬಾಗಿಲಿಗೆ ವಾರಿಜಕ್ಕನ ಹಳೇ ಸೀರೆ ಕಟ್ಟಿದರು. ಕೊರಗಣ್ಣ ತಾನೇ ರೆಕಾರ್ಡ್ ಹಾಕಿ, ಮುಳ್ಳನ್ನು ಅದರ ಅಂಚಿಗೆ ಇಟ್ಟು ಬಂದ. ಗೋಡೆಯ ಸ್ವಿಚ್ಚು ಒತ್ತುವುದಷ್ಟೇ ಬಾಕಿ. ಸಂದೀಪ ಅದೇ ಹಾಡನ್ನು ಮೊಬೈಲಿನಲ್ಲಿ ಹುಡುಕಿಟ್ಟು, ಭರ್ತಿ ಚಾರ್ಜ್ ಮಾಡಿದ ಸ್ಪೀಕರಿನ ಜೊತೆ ಮಾಮಿಯ ಕೈಗಿತ್ತ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವಳ ಇಷ್ಟ. ಗೋಳಿಬಜೆಯ ಹಿಟ್ಟು ಕಲಸುತ್ತಲೇ ಅವಳು ಎಲ್ಲಕ್ಕೂ ಹೂಂ ಎಂದಳು.

ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು. ಹೆಗಲ ಮೇಲೆ ಹಗ್ಗ ಹಾಕಿಕೊಂಡು ನಿಂತಿದ್ದ ಬಸವಂತರಾಯ. ಕಲಬುರಗಿ ಕಡೆಯವನು, ಬೈಕುಲ್ಲಾದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟವನು.

"ಬೆಲ್ ಇರುವುದು ಎಂತದಕ್ಕೆ? ಬಾಗಿಲು ಒಡೆಯುತ್ತೀರಲ್ಲ!"

"ಒತ್ತೀನ್ರೀ. ನಿಮ್ಮ ಗದ್ದಲದಾಗ ಯಾರಿಗೆ ಕೇಳಬೇಕು? ಕೆಳಗ ವೈರ್‌ಮ್ಯಾನ್ ಬಂದಾನ, ಲಿಫ್ಟ್ ಬೇರೆ ಬಂದ್ ಅದ. ಹತ್ತಿ ಹತ್ತಿ ಮೊಣಕಾಲು ಹೋದ್ವು."

ಈ ಬಿಲ್ಡಿಂಗಿನ ಲಿಫ್ಟು ನಡೆದರೆ ಸುದ್ದಿ, ನಿಂತರೆ ಸುದ್ದಿಯೇ ಅಲ್ಲ. ಕೊರಗಣ್ಣ ಅವನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಸೀರೆಯ ಕಡೆ ತಿರುಗಿ ಕೂಗಿದ. "ಹೂಂ, ಶುರು!"

ಒಳಗೆ ಸ್ವಿಚ್ಚು ಟಕ್ಕೆಂದಿತು. ಆಮೇಲೆ ಸದ್ದೇ ಇಲ್ಲ.

ಸಂದೀಪ ಕಣ್ಣಲ್ಲೇ ನಕ್ಕ. ವಾಲ್ವು ಕಾಯಬೇಕಲ್ಲ, ಮೊದಲ ಸರದಿ ಪೆಟ್ಟಿಗೆಯದೇ ಎಂದು ಅವನಿಗೂ ಗೊತ್ತಾಯಿತು, ಕೊರಗಣ್ಣನಿಗೂ ಗೊತ್ತಾಯಿತು. ಸದಾ ಗೊಣಗುವ ಫ್ರಿಜ್ಜು ಕೂಡ ಸುಮ್ಮನಿತ್ತು. ಅದೂ ತನ್ನ ಕಡೆಗೇ ಎಂದು ಕೊರಗಣ್ಣ ಧೈರ್ಯ ತಂದುಕೊಂಡ.

ಸಾಕಷ್ಟು ಹೊತ್ತಿನ ಮೇಲೆ ಹಾಡು ಬಂತು. ಹೆಣ್ಣು ದನಿ, ಹಿಂದೆ ಸಾರಂಗಿ, ಅದರಡಿಯಲ್ಲಿ ಸಣ್ಣಗೆ ಚರಚರ. ಕೊರಗಣ್ಣನ ಕಣ್ಣು ತಾನಾಗಿ ಮುಚ್ಚಿತು. ಬೈಕುಲ್ಲಾದ ಗಲ್ಲಾ, ಬೆಳಗಿನ ಮೊದಲ ಗಿರಾಕಿ, ತಟ್ಟೆಯಲ್ಲಿ ಬಿಸಿ ಬನ್ಸ್, ಎಲ್ಲ ಆ ದನಿಯೊಳಗಿಂದ ಎದ್ದು ಬಂದವು. ಮೂಲೆಯಲ್ಲಿ ಬಸವಂತರಾಯನ ಮೂಗು ಮಾತ್ರ ಅಡುಗೆಮನೆಯ ಕಡೆ ತಿರುಗಿತ್ತು.

ಆಮೇಲೆ ಎರಡನೆಯದು. ಅದೇ ಹಾಡು, ಚರಚರ ಇಲ್ಲ.

"ಮೊದಲನೆಯದೇ ನನ್ನದು!" ಕೊರಗಣ್ಣ ಕುರ್ಚಿಯಿಂದ ನೆಗೆದ. "ಆ ಬಿಸಿ, ಆ ಉಸಿರು! ಎರಡನೆಯದು ಡಬ್ಬಿ. ಹಾಡುವವಳಿಗೆ ನೆಗಡಿಯಾದ ಹಾಗೆ."

"ಕರೆಕ್ಟ್," ಎಂದ ಸಂದೀಪ. ಅವನು ಸುಳ್ಳು ಹೇಳುವವನಲ್ಲ. "ಆ ಕ್ರ್ಯಾಕಲ್ ರೆಕಾರ್ಡಿನದೇ. ಆದರೂ ಮಾವ, ಎರಡನೆಯದು ಎಷ್ಟು ಕ್ಲೀನ್! ಸಾರಂಗಿಯ ಒಂದೊಂದು ತಂತಿ ಬೇರೆ ಬೇರೆ ಕೇಳಿತು. ಮೊದಲನೆಯದರಲ್ಲಿ ಸಬ್ ಖಿಚಡಿ."

"ನನಗ ಎರಡೂ ಒಂದೇ ಕೇಳಿದ್ವು," ಎಂದ ಬಸವಂತರಾಯ.

ಮಾವ, ಅಳಿಯ ಇಬ್ಬರೂ ಬಿದ್ದುಬಿದ್ದು ನಕ್ಕರು. ಪೆಟ್ಟಿಗೆಯ ಆಸೆಗೆ ಹಗ್ಗ ಹೊತ್ತು ಬಂದವನು ಹಾಗೆ ಹೇಳದೆ ಇನ್ನು ಹೇಗೆ ಹೇಳಿಯಾನು?

ಒಪ್ಪಂದದಂತೆ ಸಂದೀಪ ಮಾವನ ಕೈ ಕುಲುಕಿದ. ಇನ್ನು ಪೆಟ್ಟಿಗೆಯ ಸುದ್ದಿ ಎತ್ತುವುದಿಲ್ಲ ಎಂದ. ಕೊರಗಣ್ಣನಿಗೆ ಎಷ್ಟು ಸಂತೋಷವಾಯಿತೆಂದರೆ, ನಿನ್ನ ಡಬ್ಬಿಯೂ ಅಷ್ಟೇನೂ ಕೆಟ್ಟದಲ್ಲ ಎಂದು ಅವನೂ ಒಂದು ಮಾತು ಬಿಟ್ಟುಕೊಟ್ಟ.

ವಾರಿಜಕ್ಕ ಸೀರೆ ಸರಿಸಿ ಗೋಳಿಬಜೆಯ ತಟ್ಟೆ ಹಿಡಿದು ಬಂದಳು. ಗಂಡನ ಮುಖವನ್ನೊಮ್ಮೆ ನೋಡಿದಳು.

"ಗೆದ್ದಿರಾ? ಅಂತೂ ನನ್ನ ದೋಸೆಹಿಟ್ಟಿನ ಜಾಗ ಉಳಿಯಿತು. ಚರಚರ ಸರಿಯಾಗಿ ಕೇಳಿತಾ ಸಂದೀಪ?"

"ಫಸ್ಟ್ ಕ್ಲಾಸ್, ಮಾಮಿ. ಅದರಿಂದಲೇ ಗೊತ್ತಾಯಿತು."

"ಹೌದಾ? ಹಾಗಾದರೆ ತಿನ್ನು. ಮೊದಲ ಹಾಡು ಮುಗಿಯುವಷ್ಟರಲ್ಲಿ ಒಂದು ಘಾಣ ಕರಿದು ತೆಗೆದು ಒಲೆ ಆರಿಸಿದ್ದೆ. ಆರುವ ಮುಂಚೆ ತಿನ್ನು."

ಸಂದೀಪ ಬಜೆಗೆ ಕೈ ಹಾಕಿದ್ದ. ಫ್ರಿಜ್ಜು ಒಮ್ಮೆ ಮೈ ನಡುಗಿಸಿ ಗೊಣಗತೊಡಗಿತು. ಕೆಳಗಿನ ಮನೆಗಳಲ್ಲಿ ಮಕ್ಕಳು "ಹೋ, ಕರೆಂಟ್ ಬಂತು!" ಎಂದು ಕೂಗಿದರು. ಸಂದೀಪ ಎರಡನೇ ಬಜೆ ಎತ್ತಿಕೊಳ್ಳುವಾಗ ವಾರಿಜಕ್ಕ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಸ್ವಿಚ್ಚು!" ಎನ್ನುತ್ತ ತಟ್ಟೆಯನ್ನು ಬಸವಂತರಾಯನ ಮಡಿಲಿಗೇ ಹಾಕಿ ಒಳಗೆ ಓಡಿದಳು.

ಅವಳ ಕೈ ಗೋಡೆಗೆ ತಲುಪುವ ಮೊದಲೇ ಸೀರೆಯ ಹಿಂದೆ ವಾಲ್ವುಗಳು ಕೆಂಪಗೆ ಕಾದು, ಪೆಟ್ಟಿಗೆ ಅಂದಿನ ತನ್ನ ಮೊಟ್ಟಮೊದಲ ಹಾಡನ್ನು ಹಾಡತೊಡಗಿತು.