ಅವ್ವನ ಗುಣಗಳ ಹಂಚಿಕೆ

ಶಿವಗಣಾರಾಧನೆಯ ಊಟ ಮುಗಿದ ಮೇಲೆ, ಎಲ್ಲರ ಮನೆಯಲ್ಲೂ ಮಾಡುವಂತೆ, ತೀರಿಕೊಂಡ ಅವ್ವನ ಗುಣಗಳನ್ನು ಹಂಚಿಕೊಳ್ಳಲು ಕುಳಿತೆವು. ಆಸ್ಪತ್ರೆಯವರು ಅವನ್ನು ಪುಟ್ಟ ಸೀಸೆಗಳಲ್ಲಿ ತುಂಬಿಕೊಟ್ಟಿದ್ದರು. ಮೂಸಿದವರಿಗೆ ಆ ಗುಣ ಬರುತ್ತದೆ.

ಹೋಳಿಗೆಯ ಕೈಗುಣವನ್ನು ಅಣ್ಣನ ಹೆಂಡತಿ, ನನ್ನ ವೈನಿ, ಕಸಿದುಕೊಂಡಳು. ನೆನಪಿನ ಶಕ್ತಿಯನ್ನು ಅಣ್ಣ ಮೂಸಿದ. ಉಳಿದದ್ದು ತಾಳ್ಮೆ. ಈಗಷ್ಟೇ ಮೈಕಿನ ಮುಂದೆ, "ನಮ್ಮವ್ವ ತಾಳ್ಮೆಯ ಮೂರ್ತಿ, ಮಕ್ಕಳು ಮೊಮ್ಮಕ್ಕಳಿಗಾಗಿ ಜೀವ ತೇಯ್ದಳು" ಎಂದು ಕಣ್ಣೊರೆಸಿಕೊಂಡಿದ್ದ ಅಣ್ಣ, ಆ ಸೀಸೆಯನ್ನು ಬೆರಳ ತುದಿಯಿಂದ ನನ್ನತ್ತ ತಳ್ಳಿದ.

"ತಗೋ ನೀಲವ್ವ, ನಿನಗ ಒಪ್ತದ. ನೌಕರಿ, ಮಕ್ಕಳು, ಅಡಗಿ, ಎಲ್ಲಾ ನೀನ ಸಂಭಾಳಸ್ತಿ."

"ಅಷ್ಟು ಚಲೋ ಇದ್ರ ನೀನ ಮೂಸು."

"ನಾ ಗಂಡಸು. ಅದನ್ನ ತಗೊಂಡು ಏನ್ ಮಾಡ್ಲಿ?"

ವೈನಿ ಕಿಸಕ್ಕನೆ ನಕ್ಕಳು. ಜೀವನವಿಡೀ ಅವ್ವನ ತಾಳ್ಮೆಯನ್ನೇ ಉಂಡು, ಈಗ ಅದರ ವಾಸನೆಗೂ ಹೆದರುವ ಜನ!

ಪೆಟ್ಟಿಗೆಯ ತಳದಲ್ಲಿ ಯಾರೂ ಕೇಳದ ಇನ್ನೊಂದು ಸೀಸೆಯಿತ್ತು. ಅವ್ವನ ಸಿಟ್ಟು. ಒಮ್ಮೆಯೂ ಬಳಸಿರದ ಕಾರಣ ಕಂಠದವರೆಗೆ ತುಂಬಿತ್ತು. ಬಿರಡೆ ಕಿತ್ತು, ಉಸಿರು ಕಟ್ಟುವಷ್ಟು ಎಳೆದುಕೊಂಡೆ.

"ನೀಲವ್ವ, ಒಂದೀಟು ಚಾ ಮಾಡು," ಎಂದ ಅಣ್ಣ.

"ಒಲಿ ಒಳಗದ. ಎದ್ದು ಹೋಗಿ ಮಾಡ್ಕೋ."

ಅವ್ವನ ಬಾಯಿಂದ ಎಂದೂ ಕೇಳದ ಆ ದನಿಗೆ ಅಣ್ಣ ಎದ್ದು ಒಲೆಯತ್ತ ನಡೆದ.