ಒಂದು ಬಾಣಲೆ ಕೆಂಡ

ಬಾಗಿಲು ತಳ್ಳಿದ ಕೂಡಲೇ ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿತು. ಹೊರಗೆ ಬೆರಳು ಸೆಟೆದುಕೊಳ್ಳುವ ಚಳಿ. ಮಗುವಿಗೆ ಹಾಲೂಡಿಸಲೆಂದು ಮಧ್ಯಾಹ್ನ ಹೊಲಿಗೆ ಅಂಗಡಿಯಿಂದ ಓಡಿ ಬಂದಿದ್ದ ಅವಳಿಗೆ ಹೊಸ್ತಿಲಲ್ಲೇ ನಗು ಬಂತು. ಅತ್ತೆ ಮಗ್ಗುಲಾಗಿ ಮಲಗಿದ್ದರು, ಅವರ ತೋಳಿನ ಮೇಲೆ ಮಗು. ಇಬ್ಬರ ಕೆನ್ನೆಯೂ ಕೆಂಪಗೆ. ಕೋಣೆಯ ನಡುವೆ ಹಳೇ ಬಾಣಲೆಯಲ್ಲಿ ಕೆಂಡ ಬೂದಿ ಹೊದ್ದುಕೊಂಡು ಇನ್ನೂ ಮಿನುಗುತ್ತಿತ್ತು. ಬಿಸಿ ಸೋರಿಹೋದೀತೆಂದು ಅವಳು ಬೇಗ ಬಾಗಿಲು ಮುಚ್ಚಿ, ಬಟ್ಟೆಯ ಸುರುಳಿಯನ್ನು ಕಾಲಿನಿಂದಲೇ ಬಾಗಿಲಡಿಯ ಸಂದಿಗೆ ಒತ್ತಿದಳು.

ಅದು ಮೊದಲು ಯಾರದೋ ಸಾಮಾನು ತುಂಬುತ್ತಿದ್ದ ಕೋಣೆ. ಬಾಡಿಗೆ ಕಡಿಮೆ ಎಂದು ಬಂದಿದ್ದರು. ಬಂದ ದಿನ ಅತ್ತೆ ಸುತ್ತ ಕಣ್ಣಾಡಿಸಿ, "ಇದು ಮನೆಯೋ, ಗೋಡೌನೋ?" ಎಂದಿದ್ದು ಸೊಸೆಯ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಅಂಗಡಿಯಲ್ಲಿ ಕತ್ತರಿಸಿ ಎಸೆಯುವ ಪರದೆ ಬಟ್ಟೆಯ ತುಂಡುಗಳನ್ನು ಮಾಲೀಕರಿಗೆ ಹೇಳಿ ಮನೆಗೆ ತಂದಳು. ಅವನ್ನು ಜೋಡಿಸಿ ಮಲಗಲು ದಪ್ಪನೆಯ ಹಾಸು ಹೊಲಿದಳು. ಕಿಟಕಿಗೆ ಹಳದಿ ಹೂವಿನ ಪರದೆ ಬಂತು. ಉಳಿದ ಚಿಂದಿಯನ್ನು ಗಾಳಿ ನುಗ್ಗುತ್ತಿದ್ದ ಕಿಟಕಿಯ ಸಂದುಗಳಿಗೆಲ್ಲ ಸ್ಕ್ರೂಡ್ರೈವರ್ ತುದಿಯಿಂದ ತುರುಕಿದಳು. ಬೀದಿ ತಿರುವಿನಲ್ಲಿ ಇಸ್ತ್ರಿ ಗಾಡಿ ಇಟ್ಟಿರುವ ಗಂಡ, ಇವತ್ತು ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಗೆ ತುಂಬಿ ಮಿಕ್ಕ ಕೆಂಡವನ್ನು ಬಾಣಲೆಗೆ ಸುರಿದು ತಂದು, "ತಗೋ, ಪುಕ್ಕಟೆ ಹೀಟರ್!" ಎಂದು ನಕ್ಕಿದ್ದ. ಅತ್ತೆ ಕೈ ಕಾಯಿಸಿಕೊಳ್ಳುತ್ತಾ, "ಈಗ ಮನೆ ಅನ್ನಿಸ್ತಾ ಇದೆ ಕಣಮ್ಮ" ಎಂದಿದ್ದರು. ಆ ಒಂದು ಮಾತಿನ ಹುರುಪಿಗೆ ಬೆಳಗಿನಿಂದ ಹೊಲಿಗೆ ಯಂತ್ರ ತುಳಿದದ್ದೇ ಅವಳಿಗೆ ಗೊತ್ತಾಗಿರಲಿಲ್ಲ.

"ಅತ್ತೆ, ಬಂದೆ" ಎಂದಳು, ಮೆಲ್ಲಗೆ. ನಿದ್ದೆ ಕೆಡಿಸಲು ಮನಸ್ಸಿರಲಿಲ್ಲ. ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಇಬ್ಬರನ್ನೂ ನೋಡುತ್ತಾ ಹಾಗೇ ಕೂತಿದ್ದಳು. ಆಮೇಲೆ ಹೊಳೆಯಿತು. ಈ ಹೊತ್ತಿಗೆ ಮಗಳು ಬೀದಿಗೆಲ್ಲ ಕೇಳುವಂತೆ ಅಳಬೇಕಿತ್ತು. ಹಾಲು ಕಟ್ಟಿ ತನ್ನ ಎದೆಯೇ ನೋಯುತ್ತಿದೆ, ಇವಳಿಗೆ ಹಸಿವಾಗಲಿಲ್ಲವೇ?

"ಅತ್ತೆ?"

ಭುಜ ಹಿಡಿದು ಅಲ್ಲಾಡಿಸಿದಳು. ಅತ್ತೆಯ ಕೈ ಮಗುವಿನ ಮೇಲಿಂದ ಜಾರಿ ಧೊಪ್ಪನೆ ನೆಲಕ್ಕೆ ಬಿತ್ತು. ಮಗುವನ್ನು ಎತ್ತಿದಳು. ಕತ್ತು ಹಿಂದಕ್ಕೆ ವಾಲಿತು. ಮೈ ಬೆಚ್ಚಗಿತ್ತು. ಆದರೆ ಬೆಚ್ಚಗಿದ್ದರೆ ಏನು ಬಂತು, ಆ ಕೋಣೆಯಲ್ಲಿ ಗೋಡೆಯೂ ಬೆಚ್ಚಗಿತ್ತು.

ಎದ್ದು ನಿಂತರೆ ತಲೆ ಗಿರ್ರೆಂದಿತು. ಕೆಂಡದ ಕಡೆ ನೋಡಿದಳು. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ಆದರೂ ಈ ಕೋಣೆಯ ಗಾಳಿಯಲ್ಲೇ ಏನೋ ಇದೆ ಅನ್ನಿಸಿತು. ಕಿಟಕಿಯತ್ತ ಧಾವಿಸಿ ಚಿಲಕ ತೆಗೆದಳು, ಕದ ಅಲ್ಲಾಡಲಿಲ್ಲ. ತುರುಕಿದ ಚಿಂದಿಯ ಒಂದೆಳೆಯೂ ಉಗುರಿಗೆ ಸಿಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದಳು. ಹೇಗೋ ಬಾಗಿಲು ತೆರೆದು, ಮಗುವನ್ನು ಹೊರಗಿನ ತಣ್ಣನೆಯ ಮೆಟ್ಟಿಲ ಮೇಲೆ ಮಲಗಿಸಿದಳು. ಉಸಿರಾಡುತ್ತಿದೆಯೋ ಇಲ್ಲವೋ, ಬಗ್ಗಿ ನೋಡಲಿಲ್ಲ. ನೋಡಿದರೆ ಮತ್ತೆ ಒಳಗೆ ಹೋಗಲು ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು.

"ಯಾರಾದ್ರೂ ಬನ್ರೀ!" ಎಂದು ಕಿರುಚಿ, ಉಸಿರು ಬಿಗಿಹಿಡಿದು ಒಳಕ್ಕೆ ನುಗ್ಗಿದಳು. ಅತ್ತೆಯನ್ನು ಎತ್ತಲಾಗಲಿಲ್ಲ. ಹಾಸಿನ ಎರಡು ಮೂಲೆ ಹಿಡಿದು ಎಳೆದಳು. ಹೊಲಿಗೆ ಪಟಪಟನೆ ಬಿಚ್ಚತೊಡಗಿತು. "ಏಳಿ ಅತ್ತೆ, ಗೋಡೌನ್ ಅನ್ನಿ, ಏನ್ ಬೇಕಾದ್ರೂ ಅನ್ನಿ, ಎದ್ದೇಳಿ!" ಹೊಸ್ತಿಲ ಹತ್ತಿರ ಬಂದಾಗ ಹೊರಗಿನಿಂದ ಸಣ್ಣದೊಂದು ಕೀರಲು ಸದ್ದು ಕೇಳಿತು. ನಿಂತಿತು. ಮತ್ತೆ ಕೇಳಿತು. ಆಮೇಲೆ ಬೀದಿಯೇ ಬೆಚ್ಚಿಬೀಳುವಂತೆ ಮಗಳು ಅತ್ತಳು. ಗಾಡಿ ಬಿಟ್ಟು ಓಡಿ ಬಂದ ಗಂಡ ತಾಯಿಯನ್ನು ಎತ್ತಿಕೊಂಡ.

ಆಸ್ಪತ್ರೆಯಲ್ಲಿ ಅಜ್ಜಿ ಮೊಮ್ಮಗಳಿಬ್ಬರ ಮೂಗಿಗೂ ಆಮ್ಲಜನಕದ ಮುಖವಾಡ ಇಟ್ಟರು. ಬಹಳ ಹೊತ್ತಾದ ಮೇಲೆ ಅತ್ತೆ ಕಣ್ಣು ಬಿಟ್ಟರು.

"ಮುಚ್ಚಿದ ಕೋಣೇಲಿ ಕೆಂಡ ಇಟ್ರಾ?" ನರ್ಸ್ ಕೇಳಿದಳು. "ಅದರಿಂದ ವಿಷದ ಗಾಳಿ ಬರುತ್ತೆ. ಕಣ್ಣಿಗೆ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ. ಇನ್ನೊಂದಿಷ್ಟು ತಡ ಆಗಿದ್ರೆ..." ಮಾತು ಮುಗಿಸದೆ ಹೊರಟುಹೋದಳು.

"ಇಷ್ಟು ವರ್ಷ ಆ ಕೆಂಡದ ಮುಂದೇನೇ ನಿಂತಿದೀನಲ್ಲೇ," ಎಂದ ಗಂಡ. "ನನಗೆ ಒಂದು ದಿನ ತಲೆನೋವೂ ಬಂದಿಲ್ಲ."

"ನೀವು ಬೀದೀಲಿ ನಿಂತಿದ್ರಿ." ಅವಳು ಮಗಳ ಮುಖವಾಡ ಸರಿಮಾಡಿದಳು. "ನಾನು ಸೂಜಿ ತೂರೋಷ್ಟೂ ಜಾಗ ಬಿಟ್ಟಿರ್ಲಿಲ್ಲ."

ಮನೆಗೆ ಮರಳಿದ ದಿನ ಗಂಡ ಮೊದಲು ಮಾಡಿದ ಕೆಲಸ, ಕಿಟಕಿಯ ಚಿಂದಿಯನ್ನೆಲ್ಲ ಕಿತ್ತೆಸೆದದ್ದು. ಗಾಳಿ ಬೀಸಿದಾಗಲೆಲ್ಲ ಹಳದಿ ಪರದೆ ಉಬ್ಬಿ ಒಳಗೆ ಬರುತ್ತಿತ್ತು. ಅತ್ತೆ ಎರಡು ಹೊದಿಕೆ ಹೊದ್ದು ಮುದುಡಿ ಕೂತಿದ್ದರು. ಸೊಸೆ ಮಲಗಿದ್ದ ಮಗಳ ಮೂಗಿನ ಬಳಿ ಬೆರಳು ಹಿಡಿಯುವಳು, ತೆಗೆಯುವಳು, ಮತ್ತೆ ಹಿಡಿಯುವಳು.

"ಅತ್ತೆ, ನನ್ನ ಮೇಲೆ ಕೋಪಾನಾ?"

"ಕೋಪ ಯಾಕಮ್ಮ? ಎಳೆದು ಬದುಕಿಸಿದವಳೂ ನೀನೇ ತಾನೆ?" ಎಂದರು ಅವರು. ಆಮೇಲೆ, ಮಗ ಆಚೆಯೇ ಇದ್ದಾನೆ ತಾನೆ ಎಂದು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಬೈಬೇಡ, ನಿಜ ಹೇಳ್ತೀನಿ. ನಿಮ್ಮ ಮಾವ ಹೋದ್ಮೇಲೆ ನಾನು ಆವತ್ತಿನಷ್ಟು ಸುಖವಾಗಿ ಮಲಗಿದ್ದೇ ಇಲ್ಲ."