ಬ ಅಕ್ಷರದ ಇಳಿ

ನೀರು ಚೆನ್ನಾಗಿದ್ದರೆ ಓಣಿಯ ಟಾಕಿಯ ಮೇಲಿನ ಫಲಕ 'ಕುಡಿಯಬಹುದು' ಎನ್ನುತ್ತದೆ. ನೀರು ಕೆಟ್ಟರೆ ಅವೇ ಅಕ್ಷರಗಳು ನಾಲ್ಕಾರು ದಿನದಲ್ಲಿ ತಾವಾಗಿ ಹೊರಳಿ 'ಕುಡಿಯಬಾರದು' ಆಗುತ್ತವೆ. ನೀಲಗಂಗವ್ವನ ಹದಿನಾಲ್ಕು ವರ್ಷದ ನೌಕರಿಯಲ್ಲಿ ಹಾಗೆ ಆಗಿದ್ದೇ ಇಲ್ಲ. ಜೀವವಿರುವ ತವರದ ಅಕ್ಷರಗಳು ಉಗುರಿನಂತೆ ಬೆಳೆಯುತ್ತವೆ. ದಿನಾ ಬೆಳಿಗ್ಗೆ ಏಣಿ ಹತ್ತಿ ಅಂಚು ಕತ್ತರಿಸಿ ದುಂಡಗೆ ಇಡುವುದಷ್ಟೇ ಅವಳ ಕೆಲಸ. ಸೊಟ್ಟ ಕಂಡರೆ ಆಫೀಸಿನವರು ಬೈಯುತ್ತಾರೆ.

ಮೂರು ದಿನದಿಂದ 'ಬ' ಒಂದೇ ಹಟ ಹಿಡಿದಿತ್ತು. ಅದರ ತಲೆಯ ಬಲಕ್ಕೆ ಎಳೆಯೊಂದು ಚಿಗುರುತ್ತಿತ್ತು. "ಬಿಸಲಿಗೆ ಸೊಕ್ಕು ಬಂದೈತಿ ಇದಕ" ಎಂದು ಬೈದು, ಇವತ್ತೂ ಕತ್ತರಿಸಿ ಚೂರನ್ನು ಸೆರಗಿನ ಗಂಟಿಗೆ ಸೇರಿಸಿದಳು.

"ಮುಗೀತೇನ್ರಿ ಯಕ್ಕಾ?" ಕೆಳಗೆ ಸಾಲಿನ ಮೊದಲ ಕೊಡ ಹಿಡಿದಿದ್ದ ಹಸೀನಾ ಕೇಳಿದಳು.

"ಹಿಡಿಯವಾ, ಹಿಡಿ."

ಟಾಕಿಯ ಕಟ್ಟೆಯ ಮೇಲೆ ಮೊಮ್ಮಗಳು ಶಿವಲೀಲಾ ಪಾಟಿಯಲ್ಲಿ ಕಾಗುಣಿತ ತಿದ್ದುತ್ತಿದ್ದಳು. ಪಕ್ಕದಲ್ಲಿ ನೀರು ಕುಡಿದಿಟ್ಟ ತಂಬಿಗೆ. ಬರೆಯುತ್ತಲೇ ರಾಗ ಎಳೆದಳು: "ಬ ತಲಕಟ್ಟ ಬ. ಬ ಇಳಿ ಬಾ."

ನೀಲಗಂಗವ್ವನ ಕತ್ತರಿ ನಿಂತಿತು. ಏಣಿಯ ಮೇಲೆಯೇ ಗಂಟು ಬಿಚ್ಚಿದಳು. ಮೂರು ದಿನದ ಮೂರು ಚೂರುಗಳು ಒಂದಕ್ಕೊಂದು ಬೆಸೆದುಕೊಂಡು, ದುಂಡನೆಯ ಇಳಿಯಾಗಿ ಬಾಗಿದ್ದವು.

"ಹಸೀನಾ, ನಳ ಬಂದ್ ಮಾಡ!" ಎಂದು ಕೂಗಿದಳು.

ಶಿವಲೀಲಾ ಒದ್ದೆ ತುಟಿ ಒರೆಸಿಕೊಂಡು ಪಾಟಿಯನ್ನು ಮೇಲೆತ್ತಿ ತೋರಿಸಿದಳು.

"ಆಯಿ, ನಂದು ಬರೋಬ್ಬರಿ ಐತಿಲ್ಲೋ?"